ರಾಜವಂಶದ ‘ಮನೆ’ಯಲ್ಲಿ ರೈತನ ಮಗ

ಐದನೇ ತರಗತಿ ಮುಗಿಸಿದ ಹುಡುಗನನ್ನು ಟ್ರಂಕಿನ ಸಮೇತ ಬಿಟ್ಟು ಅಪ್ಪ-ಅವ್ವ ಊರಿನ ಬಸ್ಸು ಹತ್ತುತ್ತಾರೆ. ವಿಜಯಪುರದ ಸೈನಿಕ ಶಾಲೆಯ ಬದುಕು ಹೀಗೆ ಕಣ್ಣೀರಿನಿಂದಲೇ ಶುರು!

ಇಲ್ಲಿಗೆ ಸೇರುವುದು ಸುಲಭವಲ್ಲ. ದೇಶದಾದ್ಯಂತ ನಡೆಯುವ ಪ್ರವೇಶ ಪರೀಕ್ಷೆ ಗೆಲ್ಲಬೇಕು. ಸಿರಿವಂತರ ಮಕ್ಕಳಿಗಷ್ಟೇ ದಕ್ಕುತ್ತಿದ್ದ ಪಬ್ಲಿಕ್ ಸ್ಕೂಲ್ ಶಿಕ್ಷಣ ಸಾಮಾನ್ಯರಿಗೂ ಸಿಗಲಿ, ಅವರ ಮಕ್ಕಳೂ ಸೇನಾಧಿಕಾರಿಗಳಾಗಲಿ ಎಂದು ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಕಾಲದಲ್ಲಿ, 1961ರಲ್ಲಿ, ಸೈನಿಕ ಶಾಲೆಗಳು ಹುಟ್ಟಿದವು. ವಿಜಯಪುರದ್ದು 1963ರಲ್ಲಿ ಆರಂಭವಾಯಿತು.

ಒಳಗೆ ಬಂದವನಿಗೆ ಹೊಸದೊಂದು ‘ಮನೆ’ ಸಿಗುತ್ತದೆ. ಚಾಲುಕ್ಯ, ರಾಷ್ಟ್ರಕೂಟ, ಹೊಯ್ಸಳ, ವಿಜಯನಗರ, ಆದಿಲ್‌ಶಾಹಿ, ಒಡೆಯರ್... ಹೌಸ್‌ಗಳಿಗೆಲ್ಲ ನಾಡನ್ನಾಳಿದವರ ಹೆಸರು. ಇತಿಹಾಸದಲ್ಲಿ ಕತ್ತಿ ಹಿಡಿದು ಕಾದಾಡಿದ ವಂಶಗಳು ಇಲ್ಲಿ ಆಟದ ಮೈದಾನದಲ್ಲಿ ಸೆಣಸಿ, ಒಂದೇ ಮೆಸ್ಸಿನಲ್ಲಿ ಊಟಕ್ಕೆ ಕೂರುತ್ತವೆ! ಊರಲ್ಲಿ ಯಾರ ಮಗನಾದರೇನು, ಇಲ್ಲಿ ಎಲ್ಲರಿಗೂ ಒಂದೇ ಸಮವಸ್ತ್ರ. ಬೂಟಿನ ಪಾಲಿಶೂ ತನ್ನದೇ, ಹಾಸಿಗೆಯೂ ತನ್ನದೇ ಹೊಣೆ.

ಆದರೆ ಗಳಿಕೆಯ ಜೊತೆಗೆ ಕಳೆದುಕೊಳ್ಳುವುದೂ ಉಂಟು. ಪಾಠವೆಲ್ಲ ಇಂಗ್ಲಿಷಿನಲ್ಲಿ, ದಿನವೆಲ್ಲ ಗಂಟೆಯ ಲೆಕ್ಕದಲ್ಲಿ. ರಜೆಗೆ ಬಂದ ಮಗ ನಸುಕಿನಲ್ಲೇ ಎದ್ದು ತಟ್ಟೆ ತಾನೇ ತೊಳೆದಿಟ್ಟರೆ ಅವ್ವನಿಗೆ ಹೆಮ್ಮೆ. ಹುಟ್ಟಿದ ಮನೆಯಲ್ಲೇ ನೆಂಟನಾಗಿಬಿಟ್ಟನೇ ಎಂಬ ಅಳುಕೂ ಹೌದು.

ಹುಡುಗಿಯರಿಗೆಂದು 1969ರಲ್ಲೇ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಶಾಲೆ ಬಂದಿತ್ತು. 2021ರಲ್ಲಿ ದೇಶದ ಸೈನಿಕ ಶಾಲೆಗಳ ಬಾಗಿಲೂ ಅವರಿಗೆ ತೆರೆಯಿತು. ಇನ್ನು ರೈತನ ಮಗಳೂ ಟ್ರಂಕು ಹಿಡಿದು ಹೊರಡಬಹುದು. ಕಳಿಸಿಕೊಡುವ ಧೈರ್ಯ ಮಾತ್ರ ಅಪ್ಪ-ಅವ್ವನೇ ತಂದುಕೊಳ್ಳಬೇಕು.