ಬಾಣ ಗುರಿ ಮುಟ್ಟೋದು ಹೇಗೆ?

ಗೋರಂಟ್ಲದ ಮಕ್ಕಳಲ್ಲಿ ಬಹಳ ಜನ ಲೇಪಾಕ್ಷಿ ನೋಡಿರುತ್ತೀರಿ. ವಿಜಯನಗರ ಕಾಲದ ಆ ವೀರಭದ್ರ ದೇವಾಲಯದ ಚಾವಣಿಯಲ್ಲಿ ಕಿರಾತಾರ್ಜುನೀಯದ ವರ್ಣಚಿತ್ರಗಳಿವೆ. ಅರ್ಜುನ ಮತ್ತು ಬೇಡನ ವೇಷದ ಶಿವ, ಇಬ್ಬರೂ ಒಂದೇ ಹಂದಿಗೆ ಬಾಣ ಹೊಡೆದ ಕತೆ ಅದು. ಇಬ್ಬರ ಬಾಣವೂ ತಾಗಿತು! ತೋಳಲ್ಲಿ ಬಲ, ಚುರುಕಾದ ಕಣ್ಣು ಇದ್ದರೆ ಸಾಕು ಅಂತ ನಮಗೆ ಅನ್ನಿಸುತ್ತೆ. ಅವೂ ಬೇಕು. ಆದರೆ ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಪ್ರತಿ ಸಲವೂ ಅದೇ ಕೆಲಸವನ್ನು ಅದೇ ರೀತಿ ಮಾಡುವುದು. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಹೆದೆ ಎಳೆದಾಗ ಬಿಲ್ಲು ಬಾಗುತ್ತದೆ. ನಾವು ಮಾಡಿದ ಕೆಲಸ ಅದರಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಸೇರುತ್ತದೆ. ಹೆದೆ ಬಿಟ್ಟಾಗ ಆ ಶಕ್ತಿಯ ಹೆಚ್ಚಿನ ಪಾಲು ಬಾಣದ ಚಲನ ಶಕ್ತಿಯಾಗುತ್ತದೆ. ಸರಳವಾಗಿ ಹೇಳಬೇಕೆಂದರೆ, ಎಷ್ಟು ದೂರ ಎಳೆಯುತ್ತೇವೋ ಬಾಣದ ವೇಗ ಅದಕ್ಕೆ ತಕ್ಕಂತೆ ಇರುತ್ತದೆ.

ಒಲಿಂಪಿಕ್ಸ್‌ನಲ್ಲಿ ಗುರಿಫಲಕ 70 ಮೀಟರ್ ದೂರದಲ್ಲಿರುತ್ತದೆ. 10 ಅಂಕದ ವೃತ್ತದ ವ್ಯಾಸ ಕೇವಲ 12.2 ಸೆಂ.ಮೀ. ತೋಳು ಚಾಚಿ ಸ್ಕೇಲ್ ಹಿಡಿದರೆ ಅದರ ಒಂದು ಮಿಲಿಮೀಟರ್‌ನಷ್ಟೇ ಕಾಣುತ್ತೆ!

ಹೆದೆಯನ್ನು 50 ಸೆಂ.ಮೀ. ಎಳೆದಾಗ ಬಾಣದ ವೇಗ ಸೆಕೆಂಡಿಗೆ 60 ಮೀಟರ್ ಅಂದುಕೊಳ್ಳಿ. 70 ಮೀಟರ್ ಹೋಗಲು ಸುಮಾರು 1.17 ಸೆಕೆಂಡ್ ಬೇಕು. ಅಷ್ಟರಲ್ಲಿ ಗುರುತ್ವದಿಂದ ಬಾಣ ಎಷ್ಟು ಇಳಿಯುತ್ತದೆ? ½gt² ಸೂತ್ರ ಹಾಕಿ: ಸುಮಾರು 6.7 ಮೀಟರ್. ಅದಕ್ಕೇ ಬಿಲ್ಲುಗಾರರು ಬಾಣದ ತುದಿಯನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹೊಡೆಯುತ್ತಾರೆ. ಈಗ ಒಂದೇ ಒಂದು ಸೆಂಟಿಮೀಟರ್ ಕಡಿಮೆ ಎಳೆದರೆ? ವೇಗ 58.8 ಆಗುತ್ತದೆ. ಬಾಣ ಇನ್ನೂ 27 ಸೆಂ.ಮೀ. ಕೆಳಗೆ ಬೀಳುತ್ತದೆ. 10 ಅಂಕ ಹೋಗಿ 6 ಅಂಕ! (ಗಾಳಿಯ ತಡೆಯನ್ನು ಇಲ್ಲಿ ಬಿಟ್ಟಿದ್ದೇವೆ.)

ಇದನ್ನು ತಪ್ಪಿಸಲು ಬಿಲ್ಲುಗಾರರು ಎಳೆದ ಕೈಯನ್ನು ಪ್ರತಿ ಸಲವೂ ಗದ್ದದ ಕೆಳಗೆ ಒಂದೇ ಜಾಗಕ್ಕೆ ತಂದು ನಿಲ್ಲಿಸುತ್ತಾರೆ. ಬಿಲ್ಲಿನ ಮೇಲೆ ಕ್ಲಿಕ್ಕರ್ ಎಂಬ ತೆಳು ಪಟ್ಟಿ ಇರುತ್ತದೆ. ಬಾಣದ ತುದಿ ಸರಿಯಾದ ಜಾಗಕ್ಕೆ ಬಂದ ಕೂಡಲೇ ಅದು "ಟಿಕ್" ಅನ್ನುತ್ತದೆ. ಆಗಲೇ ಬಿಡಬೇಕು. ನಮ್ಮ ಆಂಧ್ರದ ವಿಜಯವಾಡದ ಜ್ಯೋತಿ ಸುರೇಖಾ 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮೂರು ಚಿನ್ನ ಗೆದ್ದದ್ದು ಕಾಂಪೌಂಡ್ ಬಿಲ್ಲಿನಲ್ಲಿ. ಆ ಬಿಲ್ಲಿನ ತುದಿಗಳಲ್ಲಿ ಚಕ್ರಗಳಿವೆ. ಒಂದು ಹಂತಕ್ಕೆ ಬಂದ ಮೇಲೆ ಹೆದೆ ಮುಂದಕ್ಕೆ ಎಳೆಯಲು ಬಾರದಂತೆ ನಿಂತುಬಿಡುತ್ತದೆ.

ಬಾಣವೂ ಸರಿ ಇರಬೇಕು. ಹೆದೆ ತಳ್ಳಿದಾಗ ಬಾಣ ನೆಟ್ಟಗೆ ಹೋಗಲ್ಲ, ಹಾವಿನಂತೆ ಬಳುಕುತ್ತಾ ಹೋಗುತ್ತೆ. ಬಹಳ ಗಡುಸಾದರೂ ಬಹಳ ಮೆತ್ತಗಾದರೂ ಪಕ್ಕಕ್ಕೆ ತಿರುಗುತ್ತೆ. ಆದ್ದರಿಂದ ಬಿಲ್ಲಿನ ಬಲಕ್ಕೆ ತಕ್ಕ ಬಾಣ ಬೇಕು, ಎಲ್ಲಾ ಬಾಣಗಳೂ ಒಂದೇ ತೂಕ ಇರಬೇಕು. ಹಿಂದಿನ ಗರಿಗಳ ಕೆಲಸ ಏನು? ಶಟಲ್ ಕಾಕ್ ನೆನೆಸಿಕೊಳ್ಳಿ. ಹೇಗೆ ಹೊಡೆದರೂ ಅದರ ಬೆಂಡು ಮುಂದೆ, ಗರಿ ಹಿಂದೆ ಅಲ್ವಾ? ಗಾಳಿಯ ತಡೆ ಗರಿಯನ್ನು ಹಿಂದಕ್ಕೆ ತಳ್ಳುತ್ತದೆ. ಬಾಣದಲ್ಲೂ ಹಾಗೆಯೇ.

ಹತ್ತು ಬಾಣವೂ ಎಡಗಡೆ ಒಂದೇ ಕಡೆ ಗುಂಪಾಗಿ ಬಿದ್ದರೆ ಬೇಜಾರಾಗಬೇಡಿ. ಗುರಿ ನೋಡುವ ಸಾಧನವನ್ನು ಸ್ವಲ್ಪ ಸರಿಸಿದರೆ ಸಾಕು. ಹತ್ತೂ ಹತ್ತು ಕಡೆ ಬಿದ್ದರೆ ಮಾತ್ರ ಏನನ್ನು ಸರಿಸೋದು?

ನೀವೇ ಮಾಡಿ ನೋಡಿ: ಸ್ಕೇಲನ್ನು ಬೆಂಚಿನ ಅಂಚಿಗೆ ಗಟ್ಟಿಯಾಗಿ ಹಿಡಿಯಿರಿ. ರಬ್ಬರ್ ಬ್ಯಾಂಡನ್ನು ಅದರ ತುದಿಗೆ ಸಿಕ್ಕಿಸಿ, ಒಂದೇ ಗುರುತಿನವರೆಗೆ ಎಳೆದು ಹತ್ತು ಸಲ ಬಿಡಿ. ಎದುರಿಗೆ ಯಾರೂ ಇರಬಾರದು. ಬಿದ್ದ ಜಾಗಗಳನ್ನು ಸೀಮೆಸುಣ್ಣದಿಂದ ಗುರುತು ಮಾಡಿ. ಆಮೇಲೆ ಗುರುತು ನೋಡದೆ, ಅಂದಾಜಿನ ಮೇಲೆ ಹತ್ತು ಸಲ ಬಿಡಿ. ಎರಡೂ ಗುಂಪುಗಳಲ್ಲಿ ಅತಿ ಹತ್ತಿರದ ಮತ್ತು ಅತಿ ದೂರದ ಗುರುತುಗಳ ನಡುವಿನ ಅಂತರ ಅಳೆಯಿರಿ. ಯಾವುದು ಹೆಚ್ಚು? ಉತ್ತರವನ್ನು ನಿಮ್ಮ ವಿಜ್ಞಾನ ನೋಟ್‌ಬುಕ್ಕಿನಲ್ಲಿ ಕಾರಣದ ಜೊತೆ ಬರೆಯಿರಿ.