ಸವಾಯಿಗೆ ಮೊದಲ ಸಲ ಹೋಗುವವರಿಗೆ

ಡಿಸೆಂಬರ್ ಹತ್ತಿರ ಬಂತೆಂದರೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯ ಸಂಗೀತದ ಮಂದಿ ಪುಣೆ ರೈಲಿನ ಟಿಕೆಟ್ ವಿಚಾರಿಸತೊಡಗುತ್ತಾರೆ. ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ಎಂಬುದು ಅದರ ಪೂರ್ತಿ ಹೆಸರು; ಹೋಗಿಬರುವವರ ಬಾಯಲ್ಲಿ ಬರೀ ಸವಾಯಿ. ಬಯಲಿನಲ್ಲಿ ಹಾಕಿದ ಚಪ್ಪರದಡಿ ಸಾವಿರಾರು ಜನ ದಿನಗಟ್ಟಲೆ ಕೂತು ಹಿಂದುಸ್ತಾನಿ ಸಂಗೀತ ಕೇಳುವ ಹಬ್ಬ ಅದು. ನಡೆಯುವುದು ಮಹಾರಾಷ್ಟ್ರದಲ್ಲಾದರೂ ಬೇರು ಇರುವುದು ಹುಬ್ಬಳ್ಳಿ ಪಕ್ಕದ ಕುಂದಗೋಳದಲ್ಲಿ.

ಕುಂದಗೋಳದ ರಾಮಚಂದ್ರ ಗಣೇಶ ಕುಂದಗೋಳಕರ (1886–1952) ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರಾಗಿ ಬೆಳೆದು, ಮರಾಠಿ ರಂಗಭೂಮಿಯಲ್ಲಿ ಹಾಡಿ ಸವಾಯಿ ಗಂಧರ್ವರೆನಿಸಿಕೊಂಡರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಅವರಲ್ಲಿ ಪಾಠ ಹೇಳಿಸಿಕೊಂಡರು. ಗದಗಿನ ಹುಡುಗ ಭೀಮಸೇನ ಜೋಶಿ, ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಓಡಿದವರು, ಊರೂರು ಸುತ್ತಿ ಕೊನೆಗೆ ಬಂದು ನಿಂತದ್ದು ಅದೇ ಕುಂದಗೋಳದ ಮನೆಯಲ್ಲಿ. ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಅವರ ನೆನಪಿಗೆ ಭೀಮಸೇನರು ಪುಣೆಯಲ್ಲಿ ಈ ಉತ್ಸವ ಆರಂಭಿಸಿದರು. ಭೀಮಸೇನರು 2011ರಲ್ಲಿ ತೀರಿಕೊಂಡ ಮೇಲೆ ಅವರ ಹೆಸರೂ ಗುರುವಿನ ಹೆಸರಿನ ಜೊತೆಗೆ ಸೇರಿತು.

ಹೊಸದಾಗಿ ಹೋಗುವವರು ಮೊದಲು ಕೇಳುವ ಪ್ರಶ್ನೆ, ಯಾವ ದಿನ ಯಾರ ಹಾಡು ಎಂದು. ಪಟ್ಟಿ ನೋಡಿ ದೊಡ್ಡ ಹೆಸರಿಗೆ ಗೆರೆ ಎಳೆದುಕೊಂಡು, ಆ ಹೊತ್ತಿಗೆ ಸರಿಯಾಗಿ ಒಳಗೆ ಬಂದು, ಅದು ಮುಗಿದ ಕೂಡಲೇ ಎದ್ದು ಹೋಗುವವರು ಬಹಳ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ಐದೂ ದಿನ ಕೂರುವ ಹಟ ಬೇಡ. ಒಂದೇ ಒಂದು ದಿನ ಆರಿಸಿಕೊಳ್ಳಿ, ಆದರೆ ಆ ದಿನವನ್ನು ಮೊದಲ ಕಲಾವಿದರಿಂದ ಕೊನೆಯವರವರೆಗೆ ಇಡಿಯಾಗಿ ಕೇಳಿ. ದಿನದ ಆರಂಭ ಸಾಮಾನ್ಯವಾಗಿ ಎಳೆಯ ಕಲಾವಿದರದು. ಅವರು ಈ ವೇದಿಕೆಗಾಗಿ ವರ್ಷಗಟ್ಟಲೆ ತಯಾರಾಗಿ ಬಂದಿರುತ್ತಾರೆ, ಅವಸರವಿಲ್ಲದೆ ಶುದ್ಧವಾಗಿ ಹಾಡುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಕೇಳುವವರ ಕಿವಿಗೂ ಹದಕ್ಕೆ ಬರಲು ಹೊತ್ತು ಬೇಕು. ಬೀದಿಯ ಹಾರನ್ ಕೇಳಿಕೊಂಡು ಬಂದ ಕಿವಿಗೆ ಷಡ್ಜ ನೆಲೆಯಾಗಲು ಒಂದು ಕಛೇರಿಯೇ ಹಿಡಿದೀತು. ಆ ಮೊದಲ ಕಛೇರಿಯಲ್ಲಿ ಕೂತವರಿಗೆ ರಾತ್ರಿಯ ಹಿರಿಯರ ಹಾಡು ಬೇರೆಯೇ ಆಳದಲ್ಲಿ ಕೇಳಿಸುತ್ತದೆ.

ಟಿಕೆಟಿನಲ್ಲಿ ಕುರ್ಚಿಯದು ಬೇರೆ, ಭಾರತೀಯ ಬೈಠಕ್ ಬೇರೆ. ಬೈಠಕ್ ಎಂದರೆ ನೆಲದ ಹಾಸಿನ ಮೇಲೆ ಕೂರುವುದು. ಬೆಲೆ ಕಡಿಮೆ, ಜೊತೆಗೆ ಸಿಗುವವರು ಒಳ್ಳೆಯವರು. ತಲೆಮಾರಿನಿಂದ ಬರುತ್ತಿರುವ ಅಜ್ಜ ಅಜ್ಜಿಯರು, ತೊಡೆಯ ಮೇಲೆ ತಾಳ ಹಾಕುವ ವಿದ್ಯಾರ್ಥಿಗಳು, ಡಬ್ಬಿ ಬಿಚ್ಚಿ ಪಕ್ಕದವರಿಗೂ ಕೊಡುವ ಕುಟುಂಬಗಳು ಅಲ್ಲೇ ಸಿಗುವುದು. ಆದರೆ ನಾಲ್ಕಾರು ಗಂಟೆ ಚಕ್ಕಳಮಕ್ಕಳ ಹಾಕಿ ಕೂರುವುದು ರೂಢಿಯಿಲ್ಲದವರಿಗೆ ಸುಲಭವಲ್ಲ. ಮಂಡಿ ನೋವು ಶುರುವಾದ ಮೇಲೆ ಯಾವ ರಾಗವೂ ಕಿವಿಗೆ ಹೋಗುವುದಿಲ್ಲ. ತೆಳ್ಳನೆಯ ದಿಂಬೊಂದನ್ನು ಒಯ್ಯಿರಿ. ಅದನ್ನು ಬೆನ್ನಿಗಲ್ಲ, ಸೊಂಟದಡಿಗೆ ಇಟ್ಟುಕೊಳ್ಳಿ. ಸೊಂಟ ಎರಡು ಬೆರಳು ಮೇಲಾದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಮಂಡಿಯ ಮೇಲಿನ ಒತ್ತಡ ಇಳಿಯುತ್ತದೆ. ಮಂಡಿ ನೋವಿದ್ದರೆ ಸಂಕೋಚ ಬಿಟ್ಟು ಕುರ್ಚಿಯ ಟಿಕೆಟ್ಟನ್ನೇ ಕೊಳ್ಳಿ.

ಜಾಗದ ಆಯ್ಕೆಯಲ್ಲಿ ಎಲ್ಲರೂ ಮುಂದಕ್ಕೆ ನುಗ್ಗುತ್ತಾರೆ. ತೀರ ಮುಂದೆ, ಒಂದು ಪಕ್ಕಕ್ಕೆ ಕೂತರೆ ಒಂದೇ ಧ್ವನಿವರ್ಧಕದ ಬಾಯಿಗೆ ಕಿವಿ ಕೊಟ್ಟಂತಾಗುತ್ತದೆ. ಚಪ್ಪರದ ನಡುವೆ ಎಲ್ಲೋ ಒಂದು ಕಡೆ ಧ್ವನಿ ಸಂಯೋಜಕರ ಮೇಜು ಇರುತ್ತದೆ, ಗುಂಡಿಗಳಿಂದ ತುಂಬಿದ ಹಲಗೆ. ಗಾಯಕರ ಗಂಟಲು, ಹಾರ್ಮೋನಿಯಂ, ತಬಲಾ, ತಂಬೂರಿ ಯಾವುದು ಎಷ್ಟು ಕೇಳಬೇಕೆಂದು ಅವರು ಹದ ಮಾಡುವುದು ತಮ್ಮ ಕಿವಿಗೆ ಬಿದ್ದ ಹಾಗೆ. ಆದ್ದರಿಂದ ಆ ಮೇಜಿನ ಸ್ವಲ್ಪ ಮುಂದೆ, ಮಧ್ಯದ ಸಾಲಿನಲ್ಲಿ ಸಿಗುವ ಧ್ವನಿ ಇಡೀ ಮೈದಾನದಲ್ಲೇ ಅತ್ಯಂತ ಸಮತೂಕದ್ದು. ತೀರ ಹಿಂದೆ ಕೂತವರಿಗೆ ಇನ್ನೊಂದು ತೊಡಕಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ ಹೊರಟ ಶಬ್ದ 100 ಮೀಟರ್ ದೂರದ ಕಿವಿಗೆ ಬರುವ ಹೊತ್ತಿಗೆ ತಬಲಾದ ಕೈ ಬಿದ್ದು ಮೂರನೇ ಒಂದು ಸೆಕೆಂಡಿನಷ್ಟು ಹೊತ್ತು ಕಳೆದಿರುತ್ತದೆ. ಅಲ್ಲಿ ಕೂತವರು ಕೈ ನೋಡಿ ತಾಳ ಹಿಡಿಯಲು ಹೋಗದೆ ಕಣ್ಣು ಮುಚ್ಚಿ ಕೇಳುವುದೇ ಒಳ್ಳೆಯದು.

ಬಟ್ಟೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಮಧ್ಯಾಹ್ನ ಚಪ್ಪರದೊಳಗೆ ಸೆಕೆ, ರಾತ್ರಿ ಪುಣೆಯ ಚಳಿ 10–12 ಡಿಗ್ರಿಗೆ ಇಳಿಯುವುದುಂಟು. ಹತ್ತಿಯ ಅಂಗಿಯ ಮೇಲೆ ಸ್ವೆಟರ್, ಅದರ ಮೇಲೆ ಹೊದೆಯಲು ಶಾಲು. ಕಿವಿ ಪೂರ್ತಿ ಮುಚ್ಚುವ ಟೊಪ್ಪಿಗೆ ಬೇಡ, ಮೇಲಿನ ಸ್ವರಗಳ ಹೊಳಪೆಲ್ಲ ಉಣ್ಣೆಯಲ್ಲೇ ಹಿಂಗಿಹೋಗುತ್ತದೆ. ಊಟಕ್ಕೆ ಮೈದಾನದ ಅಂಚಿನಲ್ಲಿ ಮಳಿಗೆಗಳಿರುತ್ತವೆ, ಬಟಾಟೆವಡೆ, ಝುಣಕಾ ಭಾಕರಿ ಬಿಸಿಬಿಸಿ ಸಿಗುತ್ತದೆ. ಕಲಾವಿದರು ಬದಲಾಗುವ ನಡುವೆ ಹೋಗಿ ಬನ್ನಿ. ಆದರೆ ಹೊಸ ಕಲಾವಿದರು ವೇದಿಕೆಗೆ ಬಂದು ಕೂರುವಷ್ಟರಲ್ಲಿ ವಾಪಸಾಗಿರಿ, ಏಕೆಂದರೆ ನೋಡಲೇಬೇಕಾದ ಕೆಲಸವೊಂದು ಆಗ ನಡೆಯುತ್ತದೆ.

ಅದು ಶ್ರುತಿ ಕೂಡಿಸುವ ಕೆಲಸ. ಗಾಯಕರ ಹಿಂದೆ ಎರಡು ತಂಬೂರಿ ನಿಂತಿರುತ್ತವೆ. ಒಂದೊಂದಕ್ಕೂ ನಾಲ್ಕು ತಂತಿ: ಮೊದಲನೆಯದು ಪಂಚಮ, ಮಧ್ಯದ ಎರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ರಾಗದಲ್ಲಿ ಪಂಚಮ ಇಲ್ಲದಿದ್ದರೆ ಮೊದಲ ತಂತಿಯನ್ನು ಮಧ್ಯಮಕ್ಕೋ ನಿಷಾದಕ್ಕೋ ಇಳಿಸಿ ಏರಿಸಿ ಕೂಡಿಸುತ್ತಾರೆ. ತಂತಿಗಳನ್ನು ಹೊತ್ತ ಕುದುರೆಯ ಮೇಲೆ ಪ್ರತಿ ತಂತಿಯ ಅಡಿಗೂ ಒಂದು ದಾರದ ಎಳೆ ಇರುತ್ತದೆ, ಅದನ್ನು ಸರಿಸಿ ಬರಿಸುವ ಝೇಂಕಾರಕ್ಕೆ ಜೀವಾರಿ ಎನ್ನುತ್ತಾರೆ. ಎಳೆಯನ್ನು ಕೂದಲೆಳೆಯಷ್ಟು ಆಚೆ ಸರಿಸಿದರೆ ತಂತಿ ಬಾಗಿದ ಕುದುರೆಯ ಮೈಯನ್ನು ಬೇರೆ ಬಗೆಯಲ್ಲಿ ಸವರುತ್ತದೆ. ಆಗ ಮೊಂಡಾಗಿ ಬರುತ್ತಿದ್ದ ನಾದ ಇದ್ದಕ್ಕಿದ್ದಂತೆ ಬಿಚ್ಚಿಕೊಂಡು ಝೇಂಕರಿಸತೊಡಗುತ್ತದೆ. ಚೆನ್ನಾಗಿ ಕೂಡಿದ ಮಂದ್ರ ಷಡ್ಜದೊಳಗಿಂದ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳಿಸುತ್ತದೆ. ಅದನ್ನು ಹುಡುಕಿ ಕೇಳಿ. ಒಮ್ಮೆ ಕಿವಿಗೆ ಸಿಕ್ಕರೆ ಆಮೇಲೆ ಪ್ರತಿ ಕಛೇರಿಯಲ್ಲೂ ಸಿಗುತ್ತದೆ.

ಬಯಲಿನಲ್ಲಿ ಇದು ಕಷ್ಟದ ಕೆಲಸ. ವೇದಿಕೆಯ ದೀಪಗಳ ಬಿಸಿಗೆ ಲೋಹದ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಅದೇ ಬಿಸಿಗೆ ತಬಲಾದ ಚರ್ಮ ಬಿಗಿದು ಶ್ರುತಿ ಏರುತ್ತದೆ. ರಾತ್ರಿ ತಂಗಾಳಿ ಬೀಸಿ ತೇವ ಬಂದರೆ ಎರಡೂ ತಿರುಗುಮುರುಗು. ಎರಡು ವಾದ್ಯ ಎರಡು ದಿಕ್ಕಿಗೆ ಎಳೆಯುತ್ತಿರುವಾಗ ಅವನ್ನು ಒಂದೇ ಷಡ್ಜದ ಮೇಲೆ ನಿಲ್ಲಿಸಬೇಕು. ಅದಕ್ಕೇ ತಬಲಜಿ ಪುಟ್ಟ ಸುತ್ತಿಗೆ ಹಿಡಿದು ತಬಲಾದ ಅಂಚಿನ ಹೆಣಿಗೆಯನ್ನು ಸುತ್ತಲೂ ತಟ್ಟುತ್ತಾ ಬರುವುದು. ಮೇಲಿನಿಂದ ತಟ್ಟಿದರೆ ಚರ್ಮ ಬಿಗಿದು ಶ್ರುತಿ ಏರುತ್ತದೆ, ಕೆಳಗಿನಿಂದ ತಟ್ಟಿದರೆ ಇಳಿಯುತ್ತದೆ. ಹತ್ತು ನಿಮಿಷ ಹಿಡಿದರೂ ಹಿರಿಯ ಕಲಾವಿದರು ಇದಕ್ಕೆ ಅವಸರ ಮಾಡುವುದಿಲ್ಲ. ಅಬ್ದುಲ್ ಕರೀಂ ಖಾನರ ಪರಂಪರೆಯಲ್ಲಂತೂ ತಂಬೂರಿ ಕೂಡಿಸುವುದು ಅರ್ಧ ಸಂಗೀತ. ಪುಣೆಗೆ ಹೋಗುವ ದಾರಿಯಲ್ಲಿ ರೈಲು ನಿಲ್ಲುವ ಮೀರಜ್ ಇದೆಯಲ್ಲ, ಖಾನರು ನೆಲೆಸಿದ ಊರು ಅದು. ಅವರ ಸಮಾಧಿ ಅಲ್ಲಿಯ ದರ್ಗಾದಲ್ಲಿದೆ. ತಂಬೂರಿ, ಸಿತಾರ್ ಮಾಡುವ ಕುಶಲಕರ್ಮಿಗಳ ಊರೂ ಅದೇ. ವೇದಿಕೆಯ ಮೇಲೆ ನೀವು ಕಾಣುವ ತಂಬೂರಿ ಅಲ್ಲಿಯದೇ ಆಗಿರುವುದು ಹೆಚ್ಚು ಸಂಭವ.

ಶ್ರುತಿ ಕೂಡಿತು, ಹಾಡು ಶುರುವಾಯಿತು. ಹೊಸಬರು ಸೋಲುವುದು ಇಲ್ಲೇ. ವಿಲಂಬಿತ ಖ್ಯಾಲ ಬಹಳ ನಿಧಾನ. ಹನ್ನೆರಡು ಮಾತ್ರೆಯ ಏಕತಾಳದ ಒಂದು ಸುತ್ತು ಮುಗಿಯಲು ಮುಕ್ಕಾಲು ನಿಮಿಷ, ಕೆಲವೊಮ್ಮೆ ಒಂದು ನಿಮಿಷವೂ ಹಿಡಿಯುತ್ತದೆ. ಏನೂ ನಡೆಯುತ್ತಿಲ್ಲ ಎನ್ನಿಸಿ ಕೈ ಮೊಬೈಲಿನ ಕಡೆ ಹೋಗುತ್ತದೆ. ಹಾಗಾಗದಂತೆ ಎರಡು ಹಿಡಿಕೆ ಹೇಳುತ್ತೇನೆ.

ಮೊದಲನೆಯದು ತಬಲಾ. ಏಕತಾಳದ ಠೇಕಾ ಹೀಗೆ: ಧಿನ್ ಧಿನ್ ಧಾಗೆ ತಿರಕಿಟ ತೂ ನಾ ಕತ್ ತಾ ಧಾಗೆ ತಿರಕಿಟ ಧಿನ್ ನಾ. ಎಡಗೈಯ ಡಗ್ಗಾದಿಂದ ಬರುವ ಗುಂಯ್ ಎಂಬ ಗುಂಗನ್ನು ಮಾತ್ರ ಗಮನಿಸಿ. ತೂ ನಾ ಕತ್ ತಾ ಎಂಬ ನಾಲ್ಕು ಮಾತ್ರೆಗಳಲ್ಲಿ ಆ ಗುಂಗು ಇರುವುದಿಲ್ಲ, ತಬಲಾ ಒಣಗಿದಂತೆ ಕೇಳುತ್ತದೆ. ಗುಂಗು ಮತ್ತೆ ಬಂತೆಂದರೆ ಅದು ಒಂಬತ್ತನೆಯ ಮಾತ್ರೆಯ ಧಾಗೆ. ಅದರ ಹಿಂದೆಯೇ ತಿರಕಿಟ. ಇನ್ನು ಉಳಿದಿರುವುದು ಎರಡೇ ಮಾತ್ರೆ. ಎಲ್ಲೋ ಮಂದ್ರದಲ್ಲಿ ಅಲೆಯುತ್ತಿದ್ದ ಗಾಯಕರು ಆ ತಿರಕಿಟ ಕೇಳಿದ್ದೇ ಬಂದಿಶಿನ ಮೊದಲ ಪದಗಳನ್ನು, ಅಂದರೆ ಮುಖಡಾವನ್ನು, ಎತ್ತಿಕೊಳ್ಳುತ್ತಾರೆ. ಹನ್ನೆರಡು ಕಳೆದು ಮತ್ತೆ ಒಂದು ಬರುವ ಕ್ಷಣಕ್ಕೆ ಸರಿಯಾಗಿ ಅದರ ಭಾರದ ಅಕ್ಷರ ಬಂದು ಕೂರುತ್ತದೆ. ಅದೇ ಸಮ್. ಬೈಠಕ್ಕಿನಲ್ಲಿ ನೂರಾರು ತಲೆಗಳು ಒಟ್ಟಿಗೆ ಆಡುವುದು ಆಗಲೇ. ಏಳೆಂಟು ಸುತ್ತು ಹೀಗೆ ಕಾದು ಹಿಡಿದರೆ ಒಂಬತ್ತನೆಯದಕ್ಕೆ ನಿಮ್ಮ ತಲೆಯೂ ಆಡುತ್ತದೆ.

ಎರಡನೆಯ ಹಿಡಿಕೆ ಸ್ವರಗಳು ಬರುವ ಕ್ರಮ. ಕಿರಾಣಾ ಗಾಯಕರು ಯಮನ್ ಹಾಡುತ್ತಿದ್ದಾರೆನ್ನಿ. ಮೊದಲ ಕೆಲವು ಸುತ್ತುಗಳಲ್ಲಿ ಕೆಳಗಿನ ನಿಷಾದ, ಷಡ್ಜ, ರಿಷಭಗಳ ಸುತ್ತಲೇ ಓಡಾಟ. ಗಾಂಧಾರಕ್ಕೆ ಬಂದು ಮುಟ್ಟಿ ಹಿಂದಿರುಗುತ್ತಾರೆ, ಮತ್ತೊಮ್ಮೆ ಬಂದು ನಿಲ್ಲುತ್ತಾರೆ, ಆ ಒಂದೇ ಸ್ವರವನ್ನು ಹತ್ತು ಕಡೆಯಿಂದ ತೋರಿಸುತ್ತಾರೆ. ಆಮೇಲೆ ತೀವ್ರ ಮಧ್ಯಮ, ಪಂಚಮ, ಧೈವತ. ಮೇಲಿನ ಷಡ್ಜವನ್ನು ಕಾಲು ಗಂಟೆಯಾದರೂ ಕೊಡುವುದಿಲ್ಲ. ನಿಷಾದದ ಮೇಲೆ ನಿಂತು, ಈಗ ಮುಟ್ಟಿದರು ಎನ್ನಿಸಿ, ಮತ್ತೆ ಇಳಿದುಬಿಡುತ್ತಾರೆ. ಕೊನೆಗೆ ಆ ಷಡ್ಜ ಎರಡೂ ತಂಬೂರಿಗಳ ಜೊತೆ ಒಂದಾಗಿ ನಿಂತಾಗ ಸಾವಿರಾರು ಜನ ಒಟ್ಟಿಗೆ ಉಸಿರು ಬಿಡುತ್ತಾರೆ. ಆ ಕಾಲು ಗಂಟೆ ಕಾಯದೆ ನಡುವೆ ಬಂದವರಿಗೆ ಅದು ಬರೀ ಒಂದು ಎತ್ತರದ ಸ್ವರ. ಇಷ್ಟು ದೊಡ್ಡ ಬಯಲಿನಲ್ಲಿ, ಇಷ್ಟು ಜನರ ಮುಂದೆ, ಮೆಲ್ಲನೆ ಹಾಡುವ ಧೈರ್ಯ ಕಲಾವಿದರಿಗೆ ಎಲ್ಲಿಂದ ಬರುತ್ತದೆ ಎಂದು ಯೋಚಿಸಿದರೆ ಗೌರವ ಹೆಚ್ಚುತ್ತದೆ. ಕಾಯುವ ಜನ ಇದ್ದಾರೆಂಬ ಭರವಸೆಯಿಂದಲೇ ಅದು ಬರುವುದು. ಮೊದಲ ಸಲ ಬಂದವರೂ ಆ ಭರವಸೆಯಲ್ಲಿ ಪಾಲುದಾರರು.

ಮೆಚ್ಚುಗೆ ತೋರಿಸಲು ಚಪ್ಪಾಳೆಗೆ ಕಾಯಬೇಕಿಲ್ಲ. ಮೆಲ್ಲಗೆ ಒಂದು ವಾಹ್, ಒಂದು ಕ್ಯಾ ಬಾತ್ ಹೈ ಸಾಕು. ವೇಗದ ದ್ರುತ್‌ನಲ್ಲಿ ತಾನುಗಳು ಸುರಿಯುವಾಗ ಚಪ್ಪಾಳೆ ತಾನಾಗಿ ಬರುತ್ತದೆ, ಬರಲಿ. ಆಲಾಪದ ನಡುವೆ ಎದ್ದು ಹೋಗುವುದು, ಮೊಬೈಲ್ ಮೇಲೆತ್ತಿ ಹಿಂದಿನವರ ಕಣ್ಣಿಗೆ ಬೆಳಕು ಹೊಡೆಸುವುದು ಮಾತ್ರ ಬೇಡ. ಹಾರ್ಮೋನಿಯಂ, ಸಾರಂಗಿಯವರನ್ನೂ ಗಮನಿಸಿ. ಗಾಯಕರು ಬಿಟ್ಟ ಸ್ವರವನ್ನು ಅರೆಕ್ಷಣದಲ್ಲಿ ಎತ್ತಿಕೊಂಡು, ಅವರು ಉಸಿರು ತೆಗೆದುಕೊಳ್ಳುವವರೆಗೆ ರಾಗ ಆರದಂತೆ ಕಾಯುವವರು ಅವರು.

ಇನ್ನು ಹೊತ್ತಿನ ಮಾತು. ಕುಂದಗೋಳದಲ್ಲಿ ಭೀಮಸೇನರಿಗೆ ಗುರು ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ ಹೇಳಿಕೊಟ್ಟರೆಂಬುದು ಪ್ರಸಿದ್ಧ. ದಿನದ ಹೊತ್ತಿಗೂ ರಾಗಕ್ಕೂ ಇರುವ ಈ ನಂಟು ಮುಚ್ಚಿದ ಸಭಾಂಗಣದಲ್ಲಿ ಬರೀ ನಿಯಮದಂತೆ ಕಾಣುತ್ತದೆ. ಬಯಲಿನಲ್ಲಿ ಮೈಗೆ ತಾಗುತ್ತದೆ. ಬಿಸಿಲು ಇಳಿಯುವಾಗ ಮುಲ್ತಾನಿಯೋ ಭೀಮಪಲಾಸಿಯೋ, ಚಪ್ಪರದ ಆಚೆ ಕತ್ತಲಾಗುವಾಗ ಮಾರವಾ ಅಥವಾ ಪೂರಿಯಾ ಧನಾಶ್ರೀ, ದೀಪ ಹತ್ತಿದ ಮೇಲೆ ಯಮನ್ ಅಥವಾ ಶುದ್ಧ ಕಲ್ಯಾಣ. ಇದೇ ಕಾರಣಕ್ಕೆ ನಾನು ಮಧ್ಯಾಹ್ನವೇ ಬನ್ನಿ ಎನ್ನುವುದು. ಹಿಂದೆ ಈ ಉತ್ಸವ ಬೆಳಗಿನವರೆಗೆ ನಡೆಯುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷಕ್ಕೆ 15 ದಿನ ಮೀರದಂತೆ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಸಬಹುದು, ಅಷ್ಟೇ. ಸುತ್ತಲಿನ ಮನೆಗಳಲ್ಲಿ ಮಲಗುವವರ ನಿದ್ದೆಗೆ ಬೆಲೆ ಇದೆ, ಒಪ್ಪುತ್ತೇನೆ. ಆದರೂ ಇಡೀ ರಾತ್ರಿ ಕೂತವರಿಗೆ ನಸುಕಿನಲ್ಲಿ ಕೇಳುತ್ತಿದ್ದ ಲಲಿತ್, ಆಮೇಲೆ ಬರುತ್ತಿದ್ದ ತೋಡಿ ಇಲ್ಲವಾದದ್ದು ಸಣ್ಣ ನಷ್ಟವಲ್ಲ.

ರಾತ್ರಿಯ ರಾಗಗಳ ಆಸೆಯಿದ್ದವರು ಪುಣೆಯ ಜೊತೆಗೆ ಕುಂದಗೋಳವನ್ನೂ ನೆನಪಿಟ್ಟುಕೊಳ್ಳಿ. ಅಬ್ದುಲ್ ಕರೀಂ ಖಾನರು ಬಂದು ತಂಗುತ್ತಿದ್ದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವ ನಡೆಯುತ್ತದೆ, ಅಲ್ಲಿ ಅಹೋರಾತ್ರಿ ಹಾಡುವ ಪದ್ಧತಿ. ಗಂಗೂಬಾಯಿ, ಭೀಮಸೇನರು ಹಾಡಿದ ಜಾಗ ಅದು. ವಾಡೆಯ ಒಳಗೆ ಜನ ಒತ್ತೊತ್ತಾಗಿ ಕೂರುತ್ತಾರೆ, ಕಲಾವಿದರು ಕೈಗೆಟಕುವಷ್ಟು ಹತ್ತಿರ. ಜೀವಾರಿಯ ಎಳೆ ಸರಿಸುವ ಬೆರಳು ಅಲ್ಲಿ ಕಣ್ಣಿಗೇ ಕಾಣುತ್ತದೆ. ಹುಬ್ಬಳ್ಳಿಯಿಂದ ಬಸ್ಸು, ರೈಲು ಎರಡೂ ಇವೆ; ಹೋಗುವವರು ಹೊತ್ತು ಮುಳುಗುವ ಮೊದಲೇ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂರಲು ಜಾಗ ಹಿಡಿಯಿರಿ.