ಪ್ರಥಮ ಮಹಾಯುದ್ಧದ ಮೂಲಕಾರಣಗಳು: ಒಂದು ವಿವೇಚನೆ

1914ನೆಯ ಇಸವಿ ಜೂನ್ 28ರಂದು ಬೋಸ್ನಿಯದ ಸರಯೆವೊ ನಗರದಲ್ಲಿ ಆಸ್ಟ್ರಿಯ-ಹಂಗೆರಿಯ ಯುವರಾಜ ಫ್ರಾನ್ಸ್ ಫರ್ಡಿನೆಂಡನೂ ಆತನ ಪತ್ನಿ ಸೋಫಿಯೂ ಗವ್ರಿಲೊ ಪ್ರಿನ್ಸಿಪ್ ಎಂಬ ತರುಣನ ಗುಂಡಿಗೆ ಬಲಿಯಾದರು. ಆರನೆಯ ವಾರ ಮುಗಿಯುವುದರೊಳಗೆ ಯೂರೋಪಿನ ಐದು ಪ್ರಬಲ ರಾಷ್ಟ್ರಗಳು ರಣರಂಗಕ್ಕಿಳಿದಿದ್ದವು. ನಾಲ್ಕು ವರ್ಷಗಳ ತರುವಾಯ ಕದನ ನಿಂತಾಗ ಸುಮಾರು 90 ಲಕ್ಷ ಯೋಧರು ಮಡಿದಿದ್ದರು. ಒಂದು ಕೊಲೆಗೂ ಇಷ್ಟು ದೊಡ್ಡ ಸಂಹಾರಕ್ಕೂ ಇರುವ ಅಂತರವನ್ನು ತುಂಬುವುದು ಹೇಗೆಂಬುದೇ ಪ್ರಸ್ತುತ ಲೇಖನದ ವಿಷಯ.

ನಮ್ಮ ಕಾಲೇಜುಗಳಲ್ಲಿ ಈ ಪ್ರಶ್ನೆಗೆ ಸಿದ್ಧವಾದ ಉತ್ತರವೊಂದಿದೆ. ಸಾಮ್ರಾಜ್ಯದಾಹ, ಉಗ್ರ ರಾಷ್ಟ್ರೀಯತೆ, ಸೈನಿಕ ಪ್ರವೃತ್ತಿ, ರಹಸ್ಯ ಒಪ್ಪಂದಗಳು ಎಂಬ ನಾಲ್ಕು ಕಾರಣಗಳನ್ನು ಕ್ರಮವಾಗಿ ಬರೆದರೆ ವಿದ್ಯಾರ್ಥಿಗೆ ಅಂಕಗಳು ದೊರೆಯುತ್ತವೆ. ಈ ನಾಲ್ಕೂ ನಿಜವೇ. ಆದರೆ 1905ರಲ್ಲಿ ಮೊರಾಕೊ ವಿಷಯದಲ್ಲಿ ಜರ್ಮನಿಗೂ ಫ್ರಾನ್ಸಿಗೂ ಜಗಳ ಬಂದಾಗ ಈ ನಾಲ್ಕೂ ಇದ್ದವು. 1908ರಲ್ಲಿ ಆಸ್ಟ್ರಿಯ ಬೋಸ್ನಿಯವನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡಾಗಲೂ ಇದ್ದವು. 1911ರ ಅಗಾದಿರ್ ಪ್ರಕರಣದಲ್ಲಿಯೂ, 1912-13ರ ಬಾಲ್ಕನ್ ಯುದ್ಧಗಳಲ್ಲಿಯೂ ಇದ್ದವು. ಆಗೆಲ್ಲ ಮಹಾಯುದ್ಧ ಸಂಭವಿಸಲಿಲ್ಲ. ಎಂದೂ ಇದ್ದ ಕಾರಣವು ಒಂದು ನಿರ್ದಿಷ್ಟ ವರ್ಷದಲ್ಲಿ ಮಾತ್ರ ಕಾರ್ಯವನ್ನು ಹುಟ್ಟಿಸಿತೆಂದರೆ, ಆ ವರ್ಷದ ಹೊತ್ತಿಗೆ ಬದಲಾದುದು ಏನೆಂಬುದನ್ನೂ ಹೇಳಬೇಕಾಗುತ್ತದೆ. ಅದನ್ನು ಹೇಳದ ಉತ್ತರ ಅಪೂರ್ಣ.

ಮೊದಲು ಸಾಮ್ರಾಜ್ಯಗಳ ಪೈಪೋಟಿಯನ್ನು ಪರಿಶೀಲಿಸೋಣ. ಆಫ್ರಿಕ ಮತ್ತು ಏಷ್ಯ ಖಂಡಗಳ ಭೂಭಾಗಗಳಿಗಾಗಿ ಯೂರೋಪಿಯನ್ನರು ಕಾದಾಡಿದರೆಂಬುದು ಪ್ರಸಿದ್ಧ ವಾದ. ಈ ವಾದದಂತೆ ಲೆಕ್ಕ ಹಾಕಿದರೆ ಬ್ರಿಟನ್ ಯುದ್ಧ ಮಾಡಬೇಕಾಗಿದ್ದುದು ಫ್ರಾನ್ಸಿನೊಡನೆ ಅಥವಾ ರಷ್ಯದೊಡನೆ. 1898ರಲ್ಲಿ ನೈಲ್ ನದಿಯ ದಡದ ಫಶೋಡದಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಎದುರುಬದುರಾಗಿ ನಿಂತಿದ್ದವು. ಮಧ್ಯ ಏಷ್ಯದಲ್ಲಿ ರಷ್ಯದ ಮುನ್ನಡೆ ಭಾರತದ ಬ್ರಿಟಿಷ್ ಸರ್ಕಾರದ ನಿದ್ದೆಗೆಡಿಸಿತ್ತು. ಆದರೂ 1904ರಲ್ಲಿ ಫ್ರಾನ್ಸಿನೊಡನೆಯೂ 1907ರಲ್ಲಿ ರಷ್ಯದೊಡನೆಯೂ ಬ್ರಿಟನ್ ಒಪ್ಪಂದ ಮಾಡಿಕೊಂಡಿತು. ಜರ್ಮನಿಯೊಡನೆ ಕೂಡ ಬಾಗ್ದಾದ್ ರೈಲುಮಾರ್ಗದ ವಿವಾದ 1914ರ ಬೇಸಗೆಯಲ್ಲಿ ಬಗೆಹರಿಯುತ್ತ ಬಂದಿತ್ತು. ವಸಾಹತುಗಳ ಜಗಳಗಳಿಗೆ ಒಂದು ವಿಶೇಷ ಗುಣವಿತ್ತು: ಪರರ ಭೂಮಿಯನ್ನು ಹಂಚಿ ಅವುಗಳನ್ನು ತೀರಿಸಿಕೊಳ್ಳಬಹುದಾಗಿತ್ತು. ಸಾಮ್ರಾಜ್ಯದಾಹವು ಶಂಕೆಯನ್ನೂ ಪ್ರತಿಷ್ಠೆಯ ಹುಚ್ಚನ್ನೂ ಬೆಳೆಸಿತೆಂಬುದು ದಿಟ; ಆದರೆ ಯುದ್ಧದ ಕಿಡಿ ಹೊತ್ತಿದ್ದು ಯೂರೋಪಿನ ಅಂಗಳದಲ್ಲಿಯೇ.

ಆ ಅಂಗಳವೆಂದರೆ ಬಾಲ್ಕನ್ ಪ್ರದೇಶ. ಅಲ್ಲಿ ತುರ್ಕಿ ಸಾಮ್ರಾಜ್ಯ ಹಿಮ್ಮೆಟ್ಟುತ್ತಿತ್ತು. ಅದು ತೆರವು ಮಾಡಿದ ಜಾಗದಲ್ಲಿ ಹೊಸ ರಾಷ್ಟ್ರಗಳು ತಲೆಯೆತ್ತಿದ್ದವು. 1912-13ರ ಎರಡು ಯುದ್ಧಗಳಿಂದ ಸರ್ಬಿಯದ ವಿಸ್ತಾರ ಹೆಚ್ಚುಕಡಮೆ ಇಮ್ಮಡಿಯಾಯಿತು. ಹತ್ತಕ್ಕಿಂತ ಹೆಚ್ಚು ಭಾಷೆಗಳ ಜನರನ್ನು ಒಂದು ರಾಜಮನೆತನದ ಹೆಸರಿನಲ್ಲಿ ಹಿಡಿದಿಟ್ಟಿದ್ದ ಆಸ್ಟ್ರಿಯ-ಹಂಗೆರಿಗೆ ಇದು ಅಳಿವು ಉಳಿವಿನ ಪ್ರಶ್ನೆಯಾಗಿ ಕಂಡಿತು. ಒಂದು ಭಾಷೆಯ ಜನರಿಗೆ ಒಂದು ರಾಜ್ಯವೆಂಬ ತತ್ತ್ವವನ್ನು ಒಪ್ಪಿದರೆ ತಮ್ಮ ಸಾಮ್ರಾಜ್ಯವೇ ಉಳಿಯದೆಂದು ವಿಯೆನ್ನದ ಮಂತ್ರಿಗಳು ಅರಿತಿದ್ದರು. ವಸಾಹತುಗಳಂತೆ ಇದನ್ನು ಹಂಚಿ ತೀರಿಸುವಂತಿರಲಿಲ್ಲ. ಅತ್ತ ರಷ್ಯವು ಸ್ಲಾವ್ ಜನರ ರಕ್ಷಕನೆಂದು ತನ್ನನ್ನು ಕರೆದುಕೊಳ್ಳುತ್ತಿತ್ತು. ಜಪಾನಿನಿಂದ 1905ರಲ್ಲಿ ಸೋತು ದುರ್ಬಲವಾಗಿದ್ದ ರಷ್ಯ, 1909ರಲ್ಲಿ ಬೋಸ್ನಿಯದ ವಿಷಯದಲ್ಲಿ ಜರ್ಮನಿಯ ಬೆದರಿಕೆಗೆ ಮಣಿಯಬೇಕಾಯಿತು. ಆ ಅವಮಾನವನ್ನು ಅದು ಮರೆಯಲಿಲ್ಲ.

ಎರಡನೆಯದಾಗಿ, ಮೈತ್ರಿಕೂಟಗಳ ವಿಚಾರ. 1879ರಲ್ಲಿ ಜರ್ಮನಿ-ಆಸ್ಟ್ರಿಯಗಳ ಒಪ್ಪಂದ, 1882ರಲ್ಲಿ ಅದಕ್ಕೆ ಇಟಲಿಯ ಸೇರ್ಪಡೆ, 1894ರಲ್ಲಿ ಫ್ರಾನ್ಸ್-ರಷ್ಯಗಳ ಮೈತ್ರಿ, ಹೀಗೆ ಯೂರೋಪು ಎರಡು ಪಾಳೆಯಗಳಾಯಿತು. ಈ ಒಪ್ಪಂದಗಳೇ ಎಲ್ಲರನ್ನೂ ಯಂತ್ರದಂತೆ ಯುದ್ಧಕ್ಕೆ ಎಳೆದವೆಂದು ಹೇಳುವುದುಂಟು. ಆದರೆ ಇಟಲಿ 1914ರಲ್ಲಿ ತಟಸ್ಥವಾಗಿ ನಿಂತು, ಮರುವರ್ಷ ತನ್ನ ಹಳೆಯ ಮಿತ್ರನಾದ ಆಸ್ಟ್ರಿಯದ ಮೇಲೆಯೇ ಯುದ್ಧ ಹೂಡಿತು. ಫ್ರಾನ್ಸಿನ ನೆರವಿಗೆ ಹೋಗಲೇಬೇಕೆಂಬ ಯಾವ ಲಿಖಿತ ಬಂಧನವೂ ಬ್ರಿಟನ್ನಿಗಿರಲಿಲ್ಲ. ಕಾಗದದ ಮೇಲಿನ ಮಾತಿಗಿಂತ ಬಲವಾಗಿದ್ದುದು ಮಿತ್ರನನ್ನು ಕಳೆದುಕೊಳ್ಳುವ ಭಯ. ಜರ್ಮನಿಗೆ ಆಸ್ಟ್ರಿಯವನ್ನು ಬಿಟ್ಟರೆ ನಂಬಬಹುದಾದ ಮಿತ್ರನಿಲ್ಲ. ಫ್ರಾನ್ಸಿಗೆ ರಷ್ಯವಿಲ್ಲದೆ ರಕ್ಷಣೆಯಿಲ್ಲ. 1912-13ರಲ್ಲಿ ಆಸ್ಟ್ರಿಯವನ್ನು ತಡೆದು ನಿಲ್ಲಿಸಿದ್ದ ಜರ್ಮನಿ, 1914ರ ಜುಲೈ 5 ಮತ್ತು 6ರಂದು ಏನಾದರೂ ಬೆಂಬಲಿಸುವೆವೆಂದು ಅದಕ್ಕೆ ಮಾತು ಕೊಟ್ಟಿತು. ದುರ್ಬಲನಾದ ಮಿತ್ರನು ಪ್ರಬಲನನ್ನು ತನ್ನ ಜಗಳಕ್ಕೆ ಎಳೆದುಕೊಳ್ಳುವುದು ಹೀಗೆ ಸಾಧ್ಯವಾಯಿತು.

ಮೂರನೆಯದು ಸೇನಾ ಸಿದ್ಧತೆ. 1898ರಿಂದ ಜರ್ಮನಿ ನೌಕಾಬಲವನ್ನು ಬೆಳೆಸತೊಡಗಿದುದೂ, ಬ್ರಿಟನ್ 1906ರಲ್ಲಿ ಡ್ರೆಡ್‌ನಾಟ್ ಎಂಬ ಹೊಸ ಬಗೆಯ ಯುದ್ಧನೌಕೆಯನ್ನು ನೀರಿಗಿಳಿಸಿದುದೂ ಇಬ್ಬರ ನಡುವೆ ಮನಸ್ತಾಪವನ್ನು ಬೆಳೆಸಿದವು. ಆದರೆ 1914ರ ನಿರ್ಣಾಯಕ ಪೈಪೋಟಿ ನೆಲದ ಮೇಲಿನದು. 1913ರಲ್ಲಿ ಜರ್ಮನಿ ತನ್ನ ಭೂಸೇನೆಯನ್ನು ಹಿಗ್ಗಿಸಿತು. ಫ್ರಾನ್ಸ್ ಕಡ್ಡಾಯ ಸೈನಿಕ ಸೇವೆಯನ್ನು ಎರಡರಿಂದ ಮೂರು ವರ್ಷಗಳಿಗೆ ಏರಿಸಿತು. ರಷ್ಯದ ಮಹಾ ಸೇನಾ ಯೋಜನೆ 1917ರ ಹೊತ್ತಿಗೆ ಪೂರ್ಣಗೊಳ್ಳುವುದಾಗಿತ್ತು. ಫ್ರಾನ್ಸಿನ ಸಾಲದ ಹಣದಿಂದ ರಷ್ಯ ತನ್ನ ಪಶ್ಚಿಮದ ಗಡಿಯತ್ತ ರೈಲುಮಾರ್ಗಗಳನ್ನು ಹಾಸುತ್ತಿತ್ತು. ಇವುಗಳ ಅರ್ಥ ಬರ್ಲಿನ್ನಿನ ಸೇನಾನಿಗಳಿಗೆ ಸ್ಪಷ್ಟವಾಗಿತ್ತು. ರಷ್ಯದ ಸೇನೆ ನಿಧಾನವಾಗಿ ಕೂಡುವುದೆಂಬ ನಂಬಿಕೆಯ ಮೇಲೆ, ಮೊದಲು ಬೆಲ್ಜಿಯಮ್ಮಿನ ಮೂಲಕ ನುಗ್ಗಿ ಫ್ರಾನ್ಸನ್ನು ಸುಮಾರು ಆರು ವಾರಗಳಲ್ಲಿ ಸೋಲಿಸಿ, ಬಳಿಕ ಪೂರ್ವಕ್ಕೆ ತಿರುಗಬೇಕೆಂದು ಅವರ ಯೋಜನೆ. ರೈಲು ಬೆಳೆದಂತೆಲ್ಲ ಆ ಯೋಜನೆ ಸವೆಯುತ್ತಿತ್ತು. ಯುದ್ಧ ಬರುವುದಾದರೆ ಬೇಗ ಬರಲಿ ಎಂದು ಸೇನಾ ಮುಖ್ಯಸ್ಥ ಮೋಲ್ಟ್‌ಕೆ 1912ರ ಡಿಸೆಂಬರಿನಲ್ಲಿಯೇ ಅಭಿಪ್ರಾಯಪಟ್ಟಿದ್ದನು.

ಈ ಯೋಜನೆಯ ದೋಷ ಅದರ ಬಿಗಿತನದಲ್ಲಿತ್ತು. ಪೂರ್ವದಿಕ್ಕಿನಲ್ಲಿ ಮಾತ್ರ ಹೋರಾಡುವ ಬೇರೆ ಯೋಜನೆಯನ್ನು ಜರ್ಮನಿ 1913ರಲ್ಲಿ ಕೈಬಿಟ್ಟಿತ್ತು. 1914ರ ಆಗಸ್ಟ್ 1ರಂದು, ಫ್ರಾನ್ಸ್ ತಟಸ್ಥವಾಗಿರಬಹುದೆಂಬ ತಪ್ಪು ವಾರ್ತೆ ಬಂದಾಗ, ಸೇನೆಯನ್ನೆಲ್ಲ ಪೂರ್ವಕ್ಕೆ ತಿರುಗಿಸೆಂದು ಕೈಸರನು ಕೇಳಿದನು. ಅದು ಅಸಾಧ್ಯವೆಂದು ಮೋಲ್ಟ್‌ಕೆ ಉತ್ತರಿಸಿದನು. ಬಾಲ್ಕನ್ನಿನಲ್ಲಿ ಹುಟ್ಟಿದ ಜಗಳ ಬೆಲ್ಜಿಯಮ್ಮಿನ ಹೊಲಗಳಿಗೆ ಹಬ್ಬಿದ್ದು ಹೀಗೆ. 1839ರ ಒಪ್ಪಂದದಿಂದ ಬೆಲ್ಜಿಯಮ್ಮಿನ ತಾಟಸ್ಥ್ಯಕ್ಕೆ ಹೊಣೆಯಾಗಿದ್ದ ಬ್ರಿಟನ್ ಆಗಸ್ಟ್ 4ರಂದು ಯುದ್ಧ ಸಾರಿತು.

ಹಾಗಾದರೆ 1914ರಲ್ಲಿ ಹೊಸದಾದುದು ಏನು? ನಮ್ಮ ಅಭಿಪ್ರಾಯದಲ್ಲಿ, ಹಿಂದಿನ ಪ್ರತಿಯೊಂದು ಬಿಕ್ಕಟ್ಟಿನಲ್ಲಿಯೂ ಯಾರಾದರೊಬ್ಬರು ಹಿಂದೆ ಸರಿದುದರಿಂದ ಶಾಂತಿ ಉಳಿದಿತ್ತು; ಸರಿದವರು ಪ್ರತಿ ಸಲವೂ ಇನ್ನೊಮ್ಮೆ ಸರಿಯೆವೆಂದು ನಿಶ್ಚಯಿಸಿದರು. 1909ರಲ್ಲಿ ರಷ್ಯ, 1911ರಲ್ಲಿ ಜರ್ಮನಿ, 1913ರಲ್ಲಿ ಒಂದು ಮಟ್ಟಿಗೆ ಆಸ್ಟ್ರಿಯ ಈ ಪಾಠವನ್ನೇ ಕಲಿತವು. ಶಾಂತಿಯ ಬಂಡವಾಳ ಹೀಗೆ ಕಂತುಕಂತಾಗಿ ಕರಗಿತು. ಸರಯೆವೊದ ಗುಂಡು ಇನ್ನೊಂದು ರೀತಿಯಲ್ಲಿಯೂ ಅನರ್ಥಕಾರಿಯಾಯಿತು: ಸರ್ಬಿಯದ ಮೇಲೆ ಯುದ್ಧ ಬೇಡವೆಂದು ವಿಯೆನ್ನದಲ್ಲಿ ವಾದಿಸುತ್ತಿದ್ದವರಲ್ಲಿ ಸತ್ತ ಯುವರಾಜನೇ ಪ್ರಮುಖನಾಗಿದ್ದನು.

ನಮ್ಮ ಶಾಸ್ತ್ರಗಳಲ್ಲಿ ಮಡಕೆಗೆ ಮಣ್ಣು ಉಪಾದಾನಕಾರಣ, ಕುಂಬಾರನು ನಿಮಿತ್ತಕಾರಣ ಎಂದು ಹೇಳುತ್ತಾರೆ. ಮೇಲೆ ವಿವರಿಸಿದುದೆಲ್ಲ ಮಣ್ಣು. ಕೊಲೆಯನ್ನು ನಿಮಿತ್ತವೆಂದು ಕರೆಯುವುದು ಆಡುಮಾತಿನ ರೂಢಿ; ಶಾಸ್ತ್ರಾರ್ಥದಲ್ಲಿ ಅದು ನೆಪ ಮಾತ್ರ. ಕುಂಬಾರರು ಮಂತ್ರಾಲಯಗಳಲ್ಲಿ ಕುಳಿತಿದ್ದರು. ಜುಲೈ 23ರಂದು ಸರ್ಬಿಯಕ್ಕೆ 48 ಗಂಟೆಗಳ ಗಡುವಿನ ಪತ್ರವನ್ನು ಕಳುಹಿಸಿದವರು, ಬ್ರಿಟನ್ನಿನ ವಿದೇಶಾಂಗ ಸಚಿವ ಗ್ರೇ 26ರಂದು ಸೂಚಿಸಿದ ರಾಯಭಾರಿಗಳ ಸಮ್ಮೇಳನವನ್ನು ತಳ್ಳಿಹಾಕಿದವರು, 30ರಂದು ಇಡೀ ಸೇನೆಯನ್ನು ಸಜ್ಜುಗೊಳಿಸಲು ಆಜ್ಞೆಯಿತ್ತವರು, ಎಲ್ಲರಿಗೂ ಬೇರೆ ದಾರಿ ಇತ್ತು. ಸರ್ಬಿಯದ ಉತ್ತರವನ್ನು ಓದಿದ ಕೈಸರನಿಗೇ ಯುದ್ಧಕ್ಕೆ ಇನ್ನು ಕಾರಣವಿಲ್ಲವೆಂದು ತೋರಿತ್ತು.

ಈ ವಿವೇಚನೆ ಕೇವಲ ಪಂಡಿತರ ವಿನೋದವಲ್ಲ. 1919ರ ವರ್ಸೇಲ್ಸ್ ಒಪ್ಪಂದದ 231ನೆಯ ವಿಧಿ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. ಅದರಿಂದ ಹುಟ್ಟಿದ ಕಹಿಯನ್ನು ಹಿಟ್ಲರನು ಬಳಸಿಕೊಂಡನು. ಬಳಿಕ ಎಲ್ಲರೂ ಜಾರಿಬಿದ್ದರೆಂಬ ಸಮಾಧಾನದ ವಾದ ಹಬ್ಬಿತು. 1961ರಲ್ಲಿ ಫ್ರಿಟ್ಸ್ ಫಿಷರ್ ಜರ್ಮನಿಯ ಹೊಣೆಯನ್ನು ಮತ್ತೆ ಎತ್ತಿ ಹಿಡಿದನು. 2012ರಲ್ಲಿ ಕ್ರಿಸ್ಟೋಫರ್ ಕ್ಲಾರ್ಕ್ ಅದನ್ನು ಎಲ್ಲ ರಾಜಧಾನಿಗಳಿಗೂ ಹಂಚಿದನು. ಮಣ್ಣನ್ನಷ್ಟೇ ನೋಡುವವರಿಗೆ ಯಾರೂ ಹೊಣೆಗಾರರಲ್ಲ. ಕುಂಬಾರನನ್ನಷ್ಟೇ ನೋಡುವವರಿಗೆ ಒಬ್ಬನೇ ಅಪರಾಧಿ. ವಿಯೆನ್ನ ಮತ್ತು ಬರ್ಲಿನ್ನುಗಳ ಹೊಣೆ ಹೆಚ್ಚಿನದೆಂದೂ, ಅದು ಅವುಗಳದು ಮಾತ್ರವಲ್ಲವೆಂದೂ ನಾವು ಭಾವಿಸುತ್ತೇವೆ.

ಹೊಣೆಯ ಮಾತು ನಮ್ಮ ನಾಡಿಗೂ ಸಂಬಂಧಿಸಿದುದೇ. ಭಾರತವನ್ನು ಯಾರೂ ಕೇಳಲಿಲ್ಲ. ಬ್ರಿಟನ್ ಯುದ್ಧ ಸಾರಿದೊಡನೆ ಭಾರತವೂ ಯುದ್ಧದಲ್ಲಿದ್ದಂತಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆಗೆ ಹೋದರು. 1918ನೆಯ ಸೆಪ್ಟೆಂಬರ್ 23ರಂದು ಹೈಫ ನಗರವನ್ನು ಗೆದ್ದವರಲ್ಲಿ ಮೈಸೂರಿನ ಅಶ್ವದಳವೂ ಇತ್ತು. ಸರಯೆವೊದ ಹೆಸರನ್ನೇ ಕೇಳಿರದವರು ಅದರ ಫಲವನ್ನುಂಡರು. ಅಧ್ಯಾಪಕರು ಈ ವಿಷಯವನ್ನು ಬೋಧಿಸುವಾಗ ನಾಲ್ಕು ಕಾರಣಗಳ ಪಟ್ಟಿಯ ಜೊತೆಗೆ ಆ ಜುಲೈ ತಿಂಗಳ ದಿನಚರಿಯನ್ನೂ ವಿದ್ಯಾರ್ಥಿಗಳ ಮುಂದಿಟ್ಟು, ಯಾವ ದಿನ ಯಾರು ಏನು ಮಾಡಬಹುದಾಗಿತ್ತೆಂದು ಕೇಳುವುದು ಲೇಸು. ಯುದ್ಧ ಅನಿವಾರ್ಯವಾಗಿತ್ತೆಂದು ಬಾಯಿಪಾಠ ಮಾಡಿದವನು ಮುಂದಿನದನ್ನೂ ಅನಿವಾರ್ಯವೆಂದೇ ಒಪ್ಪಿಕೊಂಡಾನು.